ಡ್ಯೂಕ್‌ಗಾಗಿ ಒಡೆದ ಕುಂಬಳಕಾಯಿ

ನಮ್ಮ ಡ್ಯೂಕ್‌ಗೆ ಎರಡು ದಿನದಿಂದ ಮೋಷನ್ ಆಗಿರಲಿಲ್ಲ. (ಚಹಾ ಕುಡಿಯುತ್ತ ಓದುತ್ತಿರುವವರಿಗೆ ಸಾರಿ! ಕಪ್ ಕೆಳಗಿಟ್ಟು ಮುಂದುವರಿಯಿರಿ.)

ಹೆಸರು ಕೇಳಿ ಫಾರಿನ್ ತಳಿ ಎಂದುಕೊಳ್ಳಬೇಡಿ. ಜೋರಾಪುರ ಪೇಟೆಯ ಅಪ್ಪಟ ಬೀದಿನಾಯಿ. ಹತ್ತು ವರ್ಷದ ಹಿಂದೆ ನಮ್ಮ ಮೆಟ್ಟಿಲೇರಿ ಕುಳಿತವನು ಇಳಿಯಲೇ ಇಲ್ಲ. ಹೆಸರಷ್ಟೇ ನಾನು ಕಲಿತ ಕಾನ್ವೆಂಟಿನ ಕೊಡುಗೆ. ಪಾಪ, ಅಂಗಳದಲ್ಲಿ ಬೆನ್ನು ಬಾಗಿಸಿ ಕೂರುವುದು, ಏನೂ ಆಗದೆ ನಾಚಿಕೊಂಡು ನನ್ನ ಮುಖ ನೋಡುವುದು. ಹೇಗೆ ಸಹಿಸಲಿ?

ನಾಯಿ ಡಾಕ್ಟರಿಗೆ ಫೋನ್ ಮಾಡಿದೆ.

"ಏನ್ ತಿನ್ನಸೀರಿ ಮೇಡಂ?"

"ಖಡಕ್ ರೊಟ್ಟಿ. ನೀರು ಮುಟ್ಟಂಗಿಲ್ಲ."

"ಮತ್ತ ಇನ್ನೇನಾಕ್ಕೈತ್ರಿ! ಸಿಹಿಕುಂಬಳಕಾಯಿ ಕುದಿಸಿ, ಉಪ್ಪು ಹಾಕಲಾರ್ದ, ಎರಡ ಚಮಚ ಕೊಡ್ರಿ. ನೀರು ಕುಡಸ್ರಿ, ಅಡ್ಡಾಡಸ್ರಿ. ನಾಳೆ ಮುಂಜಾನೆತನಕ ಆಗಲಿಲ್ಲಂದ್ರ ಕರ್ಕೊಂಡ ಬರ್ರಿ."

ಬಬಲೇಶ್ವರದ ತಂಗಿ ಕಳಿಸಿದ್ದ ಇಡೀ ಕುಂಬಳಕಾಯಿ ಅಡುಗೆಮನೆಯಲ್ಲೇ ಇತ್ತು. ಪರ್ಫೆಕ್ಟ್! ಚಾಕು ಎತ್ತಿಕೊಂಡೆ.

"ಅಯ್ಯ ಅಕ್ಕಾರ, ತಡೀರಿ!" ಪಕ್ಕದ ಮನೆಯ ಗಂಗವ್ವ ಕಿಟಕಿಯಿಂದಲೇ ಚೀರಿದಳು. "ಇಡೀ ಕುಂಬಳಕಾಯಿ ಹೆಣ್ಮಕ್ಕಳು ಒಡೀತಾರೇನ್ರಿ? ಹಿರಿಮಗ ಇದ್ದಂಗ ಅದು! ಮೊದಲ ಗಂಡಸರು ಚಾಕು ಹಾಕಬೇಕು. ನಾಯಿಗೆ ಔಡಲ ಎಣ್ಣಿ ಕುಡಸ್ರಿ, ಸಾಕು."

(ಬಾಯಿಗೆ ಹರಳೆಣ್ಣೆ-ಗಿರಳೆಣ್ಣೆ ಸುರಿಯಬೇಡಿ ಎಂದು ಡಾಕ್ಟರು ಗದರಿಸಿಯೇ ಫೋನ್ ಇಟ್ಟಿದ್ದರು.)

ನಗು ಬಂತೇ? ನನಗೂ ಬರಬೇಕಿತ್ತು. ಹದಿಮೂರರ ವಯಸ್ಸಿನಲ್ಲಿ ಇದೇ ಮಾತಿಗೆ ಅವ್ವನೆದುರು "ನಾನ್ಸೆನ್ಸ್!" ಎಂದು ಕಾಲು ಕುಟ್ಟಿದವಳು ನಾನು. ಆ ಹುಡುಗಿ ಎಲ್ಲಿ ಹೋದಳೋ! ಮದುವೆಯಾಗಿ ನಲವತ್ತೆರಡು ವರ್ಷ. ಒಂದು ಕಾಯಿಗೂ ನಾನು ಮೊದಲ ಚಾಕು ಹಾಕಿಲ್ಲ. ಈಗಲೂ ಕೈ ನಿಂತೇಬಿಟ್ಟಿತು.

ನಮ್ಮವರು ಮದುವೆಗೆಂದು ಟಿಕೋಟಾಕ್ಕೆ ಹೋಗಿದ್ದರು. ಫೋನ್ ಹಚ್ಚಿದೆ.

"ನಾಳೆ ಮಧ್ಯಾಹ್ನ ಬಂದ ಒಡೀತೇನಿ. ಅಲ್ಲೀತನಕ ತಡ್ಕೊಳ್ಳಲಿ ಬಿಡು."

"ತಡ್ಕೊಂಡ ತಡ್ಕೊಂಡ ಸಾಕಾಗೇತ್ರಿ ಅದಕ್ಕ!"

ಅಷ್ಟರಲ್ಲಿ ಡ್ಯೂಕ್ ಮತ್ತೆ ಅಂಗಳಕ್ಕೆ ಹೋಗಿ ಕುಳಿತ. ಕುಂಯ್ ಎಂದ. ಎನಫ್! ಉಸಿರು ಬಿಗಿಹಿಡಿದು ಚಾಕು ಒತ್ತಿದೆ. ಕಾಯಿ ಎರಡು ಹೋಳಾಯಿತು. ಮನೆಯ ಛಾವಣಿ ಇದ್ದಲ್ಲೇ ಇತ್ತು.

ಗಂಗವ್ವ ಎರಡು ನಿಮಿಷ ಕಾದು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಒಳಗೇ ಬಂದಳು. "ಒಡದದ್ದು ನೀವು. ಹೆಚ್ಚಾಕ ನನಗೇನ್ ದೋಷ? ಸರೀರಿ ಅತ್ತಾಗ!"

ಕುದಿಸಿ, ಕಿವುಚಿ, ಆರಿಸಿ ಕೊಟ್ಟೆವು. ಡ್ಯೂಕ್ ತಟ್ಟೆ ನೆಕ್ಕಿದ. ಕುದಿಸಿದ ನೀರನ್ನೂ ಬಿಡಲಿಲ್ಲ.

ಮರುದಿನ ಮುಂಜಾನೆ ಅವನ ಎಡಬಲಕ್ಕೆ ನಾವಿಬ್ಬರು, ಮಿನಿಸ್ಟರ್ ಸೆಕ್ಯೂರಿಟಿಯಂತೆ. ಮೂರನೇ ಲೈಟ್ ಕಂಬದ ಹತ್ತಿರ ಡ್ಯೂಕ್ ನಿಂತ. ಸುತ್ತಿದ. ಕುಳಿತ. ನಾವಿಬ್ಬರೂ ಬಗ್ಗಿ ನೋಡಿದೆವು.

"ಆತು! ಅಕ್ಕಾರ, ಹೊರಕಡಿ ಆತು!" ಗಂಗವ್ವ ಚಪ್ಪಾಳೆ ತಟ್ಟಿದ ರಭಸಕ್ಕೆ ಹಾಲಿನವನು ಸೈಕಲ್ ನಿಲ್ಲಿಸಿದ. ಡ್ಯೂಕ್ ಹಿಂಗಾಲಿನಿಂದ ಮಣ್ಣು ಕೆದರಿ ಮರಿಯಂತೆ ಓಡಿದ. ನಾನು ನಡುಬೀದಿಯಲ್ಲಿ ಕಣ್ಣೀರು ಬರುವಷ್ಟು ನಕ್ಕೆ. (ಹೌದು, ಪೇಪರಿನಲ್ಲಿ ಎತ್ತಿ ಹಾಕಿದೆ. ಕಾನ್ವೆಂಟ್ ಡಿಸಿಪ್ಲಿನ್!)

ಮಧ್ಯಾಹ್ನ ನಮ್ಮವರು ಬಂದರು. ಉಳಿದರ್ಧ ಕಾಯಿ ಕಣ್ಣಿಗೆ ಬಿತ್ತು.

"ಯಾರ ಒಡದ್ರು?"

"ನಾನ."

ಅವರು ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕುಳಿತು, ನಿರಾಳವಾಗಿ ಹೇಳಿದರು: "ಛಲೋ ಆತು ಬಿಡು. ಆ ಗಟ್ಟಿ ಕಾಯಿಗೆ ಚಾಕು ಹಾಕೂದಂದ್ರ ನನಗ ಮೊದಲಿಂದ ಅಂಜಿಕಿ."

ಹಾಗಾದರೆ ಇಷ್ಟು ವರ್ಷ ನಾವಿಬ್ಬರೂ ಇದನ್ನು ಯಾರ ಸಲುವಾಗಿ ನಡೆಸಿಕೊಂಡು ಬಂದೆವು?