ಅಂಕಿಯಿಲ್ಲದ ವಾಚು

ನನ್ನ ಮದುವೆಯ ವಾಚಿನ ಮುಖದ ಮೇಲೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಬಿಳಿ ಡಯಲ್ಲು, ಅಂಚಿನಲ್ಲಿ ಹನ್ನೆರಡು ಸಣ್ಣ ಕಪ್ಪು ಗೆರೆ, ಎರಡು ಮುಳ್ಳು. ಅಂಕಿಯಿಲ್ಲ, ಸೆಕೆಂಡಿನ ಮುಳ್ಳಿಲ್ಲ, ಕತ್ತಲಲ್ಲಿ ಹೊಳೆಯುವ ರೇಡಿಯಂ ಇಲ್ಲ, ತಯಾರಿಸಿದವರ ಹೆಸರೂ ಇಲ್ಲ. ಪಟ್ಟಿ ಕಂದು ಚರ್ಮದ್ದು ಎಂದು ಬರೆಯಹೊರಟೆ. ಕಪ್ಪು ಇದ್ದರೂ ಇರಬಹುದು. ಮದುವೆಯ ಫೋಟೋದಲ್ಲಿ ಎಲ್ಲರ ಎಲ್ಲವೂ ಕಪ್ಪೇ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ನಂಬದಿರುವುದನ್ನು ಕಲಿಸಿದ್ದು ಇದೇ ವಾಚು.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಎಂ.ಎ. ಮುಗಿಸಿ ಕಾಲೇಜೊಂದರಲ್ಲಿ ತರ್ಕಶಾಸ್ತ್ರದ ಪಾಠ ಹೇಳಲು ಸೇರಿದ್ದೆ. ದೇವರಿಂದ ಹಿಡಿದು ದಸರೆಯ ದೀಪಾಲಂಕಾರದವರೆಗೆ ಎಲ್ಲವನ್ನೂ ಪ್ರಶ್ನಿಸುವುದು ಆಗ ನನಗೆ ಚಟ. ಒಂದು ಕಡೆ ಕೂತು ಓದಲಾಗದೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಪುಸ್ತಕ ಹಿಡಿದು ಓಡಾಡುತ್ತಿದ್ದೆ. ಮದುವೆ ನಿಶ್ಚಯವಾದಾಗ, ಹೆಣ್ಣಿನ ಕಡೆಯವರಿಂದ ಒಂದು ಕರವಸ್ತ್ರವನ್ನೂ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಸಾರಿಬಿಟ್ಟೆ. ಅಮ್ಮ ಹೌಹಾರಿದಳು.

"ವಾಚೂ ಇಲ್ದೆ ಹಸೆ ಮೇಲೆ ಕೂತ್ರೆ ಜನ ಏನಂತಾರೋ? ಹುಡುಗನಿಗೆ ಏನೋ ಐಬಿದೆ, ಅದಕ್ಕೇ ಬಿಟ್ಟಿ ಒಪ್ಕೊಂಡ ಅಂತಾರೆ ಕಣೋ!"

ವರಪೂಜೆಯ ದಿನ ಮಾವನಾಗುವವರು ಅಳಿಯನ ಮಣಿಕಟ್ಟಿಗೆ ಕೈಯಾರೆ ವಾಚು ಕಟ್ಟುವುದು ನಮ್ಮವರಲ್ಲಿ ನಡೆದುಬಂದಿತ್ತು. ಯಾವ ಶಾಸ್ತ್ರದಲ್ಲಿ ಬರೆದಿದೆ ಎಂದು ಕೇಳಿದೆ. ಅಮ್ಮ ಎರಡು ದಿನ ಮಾತು ಬಿಟ್ಟಳು. ಕೊನೆಗೆ ಒಪ್ಪಿದೆ, ಒಂದು ಷರತ್ತಿನ ಮೇಲೆ: ಚಿನ್ನದ ನೀರು, ಹೂಬಳ್ಳಿ, ಥಳುಕು ಯಾವುದೂ ಇರಕೂಡದು, ತೀರ ಸಾದಾ ಇರಬೇಕು. ಸಂಬಂಧ ಕುದುರಿಸಿದ್ದ ಹಿರಿಯರು ಈ ಮಾತನ್ನು ಅಗ್ರಹಾರದ ಹೆಣ್ಣಿನ ಮನೆಗೆ ಮುಟ್ಟಿಸಿದರು. ಮದುವೆಗೆ ಇನ್ನು ಹದಿನೈದು ದಿನವಿತ್ತು.

ಮಾವ ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. ಜರಿಪೇಟ, ಉದ್ದ ಕೋಟು, ಎಲ್ಲದಕ್ಕೂ ರಶೀದಿ ಬೇಡುವ ಕಣ್ಣು. ಇಂಥವರಿಂದ ನನ್ನ ಕೈಗೆ ಆ ಬಿಳಿ ವಾಚು ಬಂದಾಗ ನಾನು ನಿಜಕ್ಕೂ ಬೆರಗಾದೆ. ಅದನ್ನು ಕಟ್ಟುತ್ತ ಅವರು ನನ್ನ ಕಿವಿಯ ಹತ್ತಿರ ಬಾಗಿ, "ನಿಮ್ಮ ಸ್ವಭಾವಕ್ಕೆ ಹೊಂದೋದೇ ಆಗಬೇಕು ಅಂತ ಹುಡುಕಿಸಿದೆ" ಎಂದರು. ಹೂವಿನ ಹಾರದ ವಾಸನೆ, ಓಲಗದ ಸದ್ದು, ಆ ಪಿಸುಮಾತು, ಮೂರೂ ಒಟ್ಟಿಗೆ ನನಗೆ ನೆನಪಿದ್ದವು. ನನ್ನ ಸ್ವಂತ ಅಪ್ಪ ನನ್ನ ಸ್ವಭಾವ ಏನೆಂದು ಯೋಚಿಸಿದವರಲ್ಲ. ಆ ಒಂದು ಮಾತಿಗಾಗಿ ನಾನು ಮಾವನವರನ್ನು ಹತ್ತು ವರ್ಷ ಪ್ರೀತಿಸಿದೆ.

ವಾಚನ್ನೂ ಪ್ರೀತಿಸಿದೆ. ಜಯಲಕ್ಷ್ಮಿಪುರಂನಲ್ಲಿ ನಾವು ಬಾಡಿಗೆಗಿದ್ದ ಮನೆಗೆ ಯಾರು ಬಂದರೂ ಅದರ ಮಾತು ಬಾರದೆ ಹೋಗುತ್ತಿರಲಿಲ್ಲ. ದೀಪ ಹಾಕಿದ ಅರಮನೆಯನ್ನು ಊರೆಲ್ಲ ನೋಡುತ್ತದೆ, ದೀಪ ಹಾಕದ ದಿನ ಅದೇ ಗೋಪುರ ಎಷ್ಟು ಗಂಭೀರವಾಗಿ ಕಾಣುತ್ತದೆ ನೋಡಿದ್ದೀರಾ ಎಂದು ಶುರುಮಾಡುತ್ತಿದ್ದೆ. ಗಂಟೆ ತಿಳಿಯಲು ಎರಡು ಮುಳ್ಳು, ಅವುಗಳ ನಡುವಿನ ಜಾಗ, ಇಷ್ಟು ಸಾಕು. ಮೂರು ಎಂದು ಬರೆದು ತೋರಿಸಬೇಕಾದವನಿಗೆ ಮೂರು ಗಂಟೆಯಾದರೇನು, ನಾಲ್ಕಾದರೇನು? ಅಲಂಕಾರ ಮಾಡಿಕೊಂಡ ವಸ್ತು ಏನನ್ನೋ ಮುಚ್ಚಿಡುತ್ತದೆ, ಸಾದಾ ವಸ್ತುವಿಗೆ ಮುಚ್ಚಿಡಲು ಜಾಗವೇ ಇರುವುದಿಲ್ಲ. ಈ ಕೊನೆಯ ವಾಕ್ಯ ನನಗೆ ಬಹಳ ಮೆಚ್ಚುಗೆಯಾಗಿತ್ತು. ತರಗತಿಯಲ್ಲೂ ಒಂದೆರಡು ಸಲ ಹೇಳಿದ್ದೇನೆ.

ಹೆಂಡತಿ ಕಾಫಿ ತಂದಿಟ್ಟು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ಬಂದವರು ಹೋದ ಮೇಲೆ ಲೋಟ ಎತ್ತುತ್ತ ಹೇಳುವಳು: "ಸಾರಿಗೆ ಒಗ್ಗರಣೆ ಮರೆತ್ರೆ ಮುಖ ಸಿಂಡರಿಸ್ತೀರಿ. ವಾಚಿಗೆ ಮಾತ್ರ ಒಗ್ಗರಣೆ ಬೇಡ." ನಾನು ನಗುತ್ತಿದ್ದೆ. ಅವಳು ನಗುತ್ತಿದ್ದಳೋ ಇಲ್ಲವೋ ನೋಡಿದ ನೆನಪಿಲ್ಲ. ದಿನಾ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಅದಕ್ಕೆ ಕೀ ಕೊಡುತ್ತಿದ್ದವಳು ಅವಳೇ.

ಮಾವ ಭಾನುವಾರ ಬರುತ್ತಿದ್ದರು. ಬಂದವರು ಮೊದಲು ನನ್ನ ಕೈ ಹಿಡಿದು ವಾಚನ್ನು ಬೆಳಕಿಗೆ ತಿರುಗಿಸಿ ನೋಡಿ ಆಮೇಲೆ ಕುಶಲ ಕೇಳುವರು. ಎರಡು ಮೂರು ವರ್ಷಕ್ಕೊಮ್ಮೆ ಎಣ್ಣೆ ಹಾಕಿಸಬೇಕಾದಾಗ, "ನನಗೆ ಗುರುತಿನ ಅಂಗಡಿ ಇದೆ, ನೀವು ಯಾಕೆ ಅಲೀತೀರಿ" ಎಂದು ತಾವೇ ಒಯ್ದು ಮಾಡಿಸಿ ತರುವರು. ಎಂಥ ಅಕ್ಕರೆ ಎಂದುಕೊಂಡಿದ್ದೆ. ಮದುವೆಯಾಗಿ ಎಂಟು ವರ್ಷವಾದಾಗ ಅವರು ತೀರಿಕೊಂಡರು. ಅವತ್ತು ಸುಡುಗಾಡಿನಲ್ಲಿ ಸ್ನಾನಕ್ಕೆ ಮುಂಚೆ ವಾಚು ಬಿಚ್ಚುವಾಗ ನಾನು ಅತ್ತುಬಿಟ್ಟೆ.

ಅದಾಗಿ ಎರಡು ವರ್ಷಕ್ಕೆ, ಆರರ ಗೆರೆಯ ಮೇಲ್ಗಡೆ ಒಂದು ಸಣ್ಣ ಚುಕ್ಕೆ ಕಾಣಿಸಿಕೊಂಡಿತು. ಕೊಳೆ ಎಂದುಕೊಂಡೆ. ಎಣ್ಣೆ ಹಾಕಿಸುವ ಕಾಲವೂ ಬಂದಿತ್ತು. ಮಾವನ ಗುರುತಿನ ಅಂಗಡಿ ಯಾವುದೆಂದು ತಿಳಿಯದೆ, ಸಹೋದ್ಯೋಗಿಯೊಬ್ಬರು ಹೇಳಿದಂತೆ ಲಷ್ಕರ್ ಮೊಹಲ್ಲಾದ ಒಬ್ಬ ರಿಪೇರಿಯವನ ಹತ್ತಿರ ಹೋದೆ. ಊರಿನ ಗದ್ದೆಯನ್ನು ಅಣ್ಣನಿಗೆ ಬಿಟ್ಟು ಬಂದು ಈ ಕಸುಬು ಕಲಿತವನು. ಬೆರಳು ನೇಗಿಲು ಹಿಡಿಯುವಷ್ಟು ದಪ್ಪ, ಕೆಲಸ ಮಾತ್ರ ಹೂವು ಬಿಡಿಸಿದಂತೆ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಮುಳ್ಳುಗಳನ್ನು ಎತ್ತಿ ಪಕ್ಕಕ್ಕಿಟ್ಟು, ಡಯಲ್ಲನ್ನು ಬಿಸಿಲಿಗೆ ಓರೆಯಾಗಿ ಹಿಡಿದ.

"ಇದು ಕೊಳೆ ಅಲ್ಲ ಸಾರ್. ಬಣ್ಣ ಎದ್ದೈತೆ."

"ಯಾವ ಬಣ್ಣ?"

"ಮ್ಯಾಲೆ ಹೊಡೆದಿರೋದು. ಇದು ಕಂಪ್ನಿ ಡಯಲ್ಲೇ ಅಲ್ಲ ಕಣ್ರೀ. ಗೆರೆ ನೋಡಿ, ಕುಂಚದಾಗೆ ಎಳೆದವ್ರೆ. ಏಳರದ್ದು ದಪ್ಪ, ಎಂಟರದ್ದು ಸಣ್ಣ."

ಸಾಧ್ಯವಿಲ್ಲ, ಇದು ಹೀಗೆಯೇ ತಯಾರಾದದ್ದು ಎಂದೆ. ಅವನು ಕಣ್ಣಿನ ಗಾಜು ತೆಗೆದು ನನ್ನನ್ನು ಕನಿಕರದಿಂದ ನೋಡಿದ.

"ಸಾರ್, ವಾಚು ಮಾಡೋನು ಅಷ್ಟು ಕಷ್ಟಪಟ್ಟು ಮಾಡಿ, ಮುಖದ ಮ್ಯಾಲೆ ತನ್ನ ಹೆಸ್ರು ಹಾಕ್ಕಳ್ದೆ ಬುಡ್ತಾನಾ? ಎಂಗೆ ಬುಡ್ತಾನೆ ಹೇಳಿ?"

ಹತ್ತು ವರ್ಷ ಮಕ್ಕಳಿಗೆ ತರ್ಕ ಕಲಿಸಿದವನು ನಾನು. ಈ ಪ್ರಶ್ನೆ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಅವನು ಚಿಮುಟದ ತುದಿಯಿಂದ ಎದ್ದ ಚಕ್ಕೆಯನ್ನು ಸ್ವಲ್ಪ ಸರಿಸಿ, ಗಾಜನ್ನು ನನ್ನ ಕೈಗೆ ಕೊಟ್ಟ. ಬಿಳಿಯ ಕೆಳಗೆ ಚಿನ್ನದ ಬಣ್ಣದಲ್ಲಿ ಎರಡು ಇಂಗ್ಲಿಷ್ ಅಕ್ಷರ, ಒಂದನ್ನೊಂದು ಬಳಸಿಕೊಂಡು ಬಳ್ಳಿಯ ಹಾಗೆ. ಎರಡರಲ್ಲಿ ಒಂದೂ ನನ್ನ ಹೆಸರಿನದಲ್ಲ, ಮಾವನ ಹೆಸರಿನದೂ ಅಲ್ಲ.

"ತೊಳೆದು ತೆಗೀಲಾ ಸಾರ್? ಚೆಂದಾಗೈತೆ ಒಳಗಡೆ."

"ಬೇಡ. ಎಣ್ಣೆ ಹಾಕಿ ಕೊಡಿ ಸಾಕು" ಎಂದೆ.

ಮನೆಗೆ ಬಂದಾಗ ಹೆಂಡತಿ ಹಜಾರದಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ದಾರಿಯುದ್ದಕ್ಕೂ ಏನು ಕೇಳಬೇಕೆಂದು ಸಿದ್ಧಮಾಡಿಕೊಂಡು ಬಂದಿದ್ದೆ. ವಾಚನ್ನು ಮೊರದ ಅಂಚಿನಲ್ಲಿ ಇಟ್ಟೆ. ಅವಳು ನೋಡಿದಳು.

"ಕಿತ್ತುಹೋಯ್ತಾ?" ಎಂದಳು.

"ಏನು?"

"ಬಣ್ಣ."

ನಾನು ಸಿದ್ಧಮಾಡಿಕೊಂಡಿದ್ದ ಪ್ರಶ್ನೆಗಳೆಲ್ಲ ಅಲ್ಲಿಗೆ ಮುಗಿದವು. ಅವಳಿಗೆ ಗೊತ್ತಿತ್ತು.

ಕಲ್ಲು ಆರಿಸುತ್ತಲೇ ಹೇಳಿದಳು. ನನಗಿಂತ ಮೊದಲು ಅವಳಿಗೆ ಇನ್ನೊಂದು ಕಡೆ ಮದುವೆ ನಿಶ್ಚಯವಾಗಿತ್ತು. ಲಗ್ನಪತ್ರಿಕೆಯೂ ಆಗಿತ್ತು. ಮಾವ ವಾಚು ಕೊಂಡು, ಅರಮನೆಯ ಕೆಲಸ ಮಾಡುತ್ತಿದ್ದ ಚಿತ್ರಗಾರನಿಂದ ಅದರ ಮುಖದ ಮೇಲೆ ವರನ ಹೆಸರಿನ ಅಕ್ಷರಗಳನ್ನು ಬಂಗಾರದ ಬಣ್ಣದಲ್ಲಿ ಬರೆಸಿದ್ದರು. ಗಂಡಿನವರಿಗೆ ಇನ್ನೂ ದೊಡ್ಡ ಮನೆಯ ಸಂಬಂಧ ಬಂದು ಅವರು ಹಿಂದೆ ಸರಿದರು. ವಾಚು ಪೆಟ್ಟಿಗೆ ಸೇರಿತು. ಆಮೇಲೆ ನಾನು ಬಂದೆ. ಸಾದಾ ವಾಚೇ ಬೇಕು ಎಂದು ಹೇಳಿ ಕಳಿಸಿದೆ. ಅದೇ ಚಿತ್ರಗಾರ ತಾನು ಬರೆದದ್ದರ ಮೇಲೆ ತಾನೇ ಬಿಳಿ ಬಳಿದ.

"ನನಗೆ ಯಾಕೆ ಹೇಳಲಿಲ್ಲ?"

"ಮುರಿದುಬಿದ್ದ ಸಂಬಂಧ ಅಂತ ಗೊತ್ತಾದ್ರೆ ನೀವೂ ಹೋಗ್ಬಿಡ್ತೀರಿ ಅಂತ ಅಪ್ಪ ಆಣೆ ಹಾಕಿಸಿದ್ರು."

"ಮದುವೆ ಆದಮೇಲೆ?"

"ಆದಮೇಲೆ ನೀವು ಭಾಷಣ ಶುರು ಮಾಡಿದ್ರಿ." ಅವಳು ಅಕ್ಕಿಯಿಂದ ಕಣ್ಣೆತ್ತಲಿಲ್ಲ. "ಎದುರಿಗೆ ನಾಲ್ಕು ಜನ ಕೂತಿರ್ತಿದ್ರು. ನೀವು ಸಂತೋಷವಾಗಿ ಹೇಳ್ತಿದ್ರಿ. ಮಧ್ಯ ಬಾಯಿ ಹಾಕಿ, ಅದು ಬಣ್ಣ ಕಣ್ರೀ ಅಂತ ಹೇಗೆ ಹೇಳ್ಲಿ? ಆಮೇಲೆ, ಹೇಳೋ ಕಾಲ ಮೀರಿಹೋಯ್ತು."

ಇನ್ನೊಬ್ಬನಿಗೆ ಹೊಲಿಸಿದ ಅಂಗಿಯನ್ನು ನನಗೆ ತೊಡಿಸಿದ್ದರು ಎಂಬುದು ಒಂದು ನೋವು. ಅವಳು ಹತ್ತು ವರ್ಷ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ್ದಳು, ಮುಚ್ಚಿಡಲು ಜಾಗವಿಲ್ಲದ ವಸ್ತು ಎಂದು ನಾನು ಹೇಳುವಾಗಲೆಲ್ಲ ಅದರ ಒಳಗೇನಿದೆ ಎಂದು ತಿಳಿದೇ ಕೇಳಿದ್ದಳು ಎಂಬುದು ಅದಕ್ಕಿಂತ ದೊಡ್ಡ ನೋವು. ಭಾನುವಾರಗಳೂ ಈಗ ಬೇರೆಯಾಗಿ ಕಂಡವು. ಮಾವ ನನ್ನ ಕೈ ಹಿಡಿದದ್ದು ಬಣ್ಣ ಎದ್ದಿದೆಯೇ ಎಂದು ನೋಡಲು. ಗುರುತಿನ ಅಂಗಡಿಗೆ ತಾವೇ ಹೋದದ್ದು ಅಲ್ಲಿಯವನ ಬಾಯಿ ಮುಚ್ಚಿಸಲು. ಸತ್ತವರನ್ನು ಕೇಳುವ ಹಾಗಿರಲಿಲ್ಲ. ಸಿಟ್ಟಿನಿಂದ ಹೇಳಿದೆ:

"ಎಲ್ಲ ಮಾಡಿ, ಮೇಲೆ ಆ ಮಾತು ಬೇರೆ. ನಿಮ್ಮ ಸ್ವಭಾವಕ್ಕೆ ಹೊಂದೋದೇ ಆಗಬೇಕು ಅಂತ ಹುಡುಕಿಸಿದೆ ಅಂದ್ರಲ್ಲ, ಕಟ್ಟುವಾಗ!"

ಅವಳ ಕೈ ನಿಂತಿತು. "ಯಾರು?"

"ನಿಮ್ಮಪ್ಪ. ವರಪೂಜೇಲಿ, ನನ್ನ ಕಿವೀಲಿ."

"ಅಪ್ಪನಿಗೆ ಅವತ್ತು ಗಂಟಲೇ ಇರ್ಲಿಲ್ಲ ಕಣ್ರೀ" ಎಂದಳು. "ಹಿಂದಿನ ದಿನ ಅಡುಗೆಯವರ ಮೇಲೆ ಕೂಗಾಡಿ ಪೂರ್ತಿ ಕಟ್ಟಿಹೋಗಿತ್ತು. ಪಿಸುಗುಟ್ಟೋಕೂ ಆಗ್ತಿರ್ಲಿಲ್ಲ. ಸಂಕಲ್ಪ ಕೂಡ ಚಿಕ್ಕಪ್ಪನೇ ಹೇಳಿದ್ದು. ಅಪ್ಪ ಎರಡು ದಿನ ಬರೀ ಕೈಸನ್ನೆ."

ಸುಳ್ಳು ಎಂದೆ. ಅವಳು ಎದ್ದು ಗೋಡೆಯ ಮೇಲಿನ ಮದುವೆಯ ಫೋಟೋ ಇಳಿಸಿ ತಂದು ನನ್ನ ಮಡಿಲಲ್ಲಿಟ್ಟಳು. ಸಾವಿರ ಸಲ ನೋಡಿದ ಫೋಟೋ. ವೈಶಾಖದ ಸೆಕೆಯಲ್ಲಿ, ಜರಿಪೇಟದ ಕೆಳಗೆ, ಮಾವನ ಕುತ್ತಿಗೆಗೆ ಎರಡು ಸುತ್ತು ಉಣ್ಣೆಯ ಮಫ್ಲರ್. ವಯಸ್ಸಾದವರ ಅಭ್ಯಾಸ ಎಂದುಕೊಂಡು ನಾನು ಅದರ ಬಗ್ಗೆ ಯಾವತ್ತೂ ಯೋಚಿಸಿರಲಿಲ್ಲ.

ಹಾಗಾದರೆ ಆ ಮಾತನ್ನು ಆಡಿದವರು ಯಾರು? ಚಿಕ್ಕಪ್ಪನೇ? ಸಂಬಂಧ ಕುದುರಿಸಿದ ಹಿರಿಯರೇ? ಯಾರೂ ಆಡದೆ, ಆಡಿದ್ದರೆ ಚೆನ್ನಾಗಿತ್ತು ಎಂದು ನಾನೇ ಬರೆದುಕೊಂಡೆನೇ? ಮಾವ ಮೋಸ ಮಾಡಿದ್ದು ನಿಜ, ಅದಕ್ಕೆ ಸಾಕ್ಷಿಯಿದೆ. ಆದರೆ ನಾನು ಹತ್ತು ವರ್ಷ ಪ್ರೀತಿಸಿದ್ದು ಅವರು ಆಡದ ಮಾತನ್ನು. ಆ ಪಿಸುಮಾತಿಗೆ ಸಾಕ್ಷಿ ನಾನೊಬ್ಬನೇ, ಮತ್ತು ಆ ಸಾಕ್ಷಿಯನ್ನು ನನ್ನ ವಿದ್ಯಾರ್ಥಿಯೂ ಒಪ್ಪುತ್ತಿರಲಿಲ್ಲ.

ಕೆಲವು ದಿನ ಮನೆಯಲ್ಲಿ ಅಗತ್ಯದ ಮಾತಷ್ಟೇ ನಡೆಯಿತು. ಅವಳು ವಾಚಿಗೆ ಕೀ ಕೊಡುವುದನ್ನು ಬಿಟ್ಟಳು. ಮೊದಲ ದಿನ ಅದು ಕಾಲೇಜಿನಲ್ಲಿ ನಿಂತಾಗ ಕೆಟ್ಟಿದೆ ಎಂದುಕೊಂಡೆ.

ಒಂದು ಭಾನುವಾರ, ವಾಚಿನ ಅಂಗಡಿ ಹೇಳಿಕೊಟ್ಟಿದ್ದ ಆ ಸಹೋದ್ಯೋಗಿ ಮನೆಗೆ ಬಂದರು. ನಮ್ಮ ದೇಶದಲ್ಲೇ ಕೈಗಡಿಯಾರ ತಯಾರಾಗತೊಡಗಿದ್ದ ಕಾಲ. ಮಗನಿಗೆ ಒಂದು ಕೊಳ್ಳಬೇಕು ಎಂದರು.

"ನಿನ್ನದರ ಥರ ಸಾದಾದ್ದೇ ತಗೊಳ್ಳೋಣ ಅಂತ ಕಣಯ್ಯ. ಎಲ್ಲಿ, ಕೈ ಕೊಡು. ಹೇಳು ಇನ್ನೊಂದು ಸಲ ನಿನ್ನ ಉಪನ್ಯಾಸ." ಬಾಗಿ ನೋಡಿದರು. "ಇದೇನೋ ಇಲ್ಲಿ, ಆರರ ಹತ್ರ?"

ಹೆಂಡತಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಕೊಳೆ" ಎಂದೆ. "ತೊಳೆಸಬೇಕು."

ಆಮೇಲೆ ದೀಪ ಹಾಕದ ಅರಮನೆಯ ಮಾತನ್ನೂ ಆಡಿದೆ. ಅವರು ತಲೆದೂಗಿದರು. ಅವಳ ಮಾನ ಕಾಪಾಡಲು ಹಾಗೆ ಹೇಳಿದೆ ಎಂದು ಆಮೇಲೆ ಅಂದುಕೊಳ್ಳಲು ನೋಡಿದೆ, ಸಾಧ್ಯವಾಗಲಿಲ್ಲ. ಕಾಪಾಡಿಕೊಂಡದ್ದು ನನ್ನ ಉಪನ್ಯಾಸವನ್ನು. ಅವಳು ಲೋಟಗಳನ್ನು ಇಟ್ಟು, ನನ್ನ ಮುಖವನ್ನು ಒಂದು ಕ್ಷಣ ನೋಡಿ, ಒಳಗೆ ಹೋದಳು. ಅವಳು ಹತ್ತು ವರ್ಷ ಮಾಡಿದ ಮುಚ್ಚುಮರೆ ನನಗೆ ಒಂದು ಶಬ್ದದಲ್ಲಿ ಮುಗಿದಿತ್ತು.

ಆ ವಾರವೇ ಲಷ್ಕರ್ ಮೊಹಲ್ಲಾಕ್ಕೆ ಮತ್ತೆ ಹೋದೆ. ರಿಪೇರಿಯವನು ನಕ್ಕ.

"ಬಣ್ಣ ಹೊಡೆಸ್ಲಾ? ಬೋರ್ಡು ಬರೆಯೋನೊಬ್ಬ ಅವ್ನೆ, ಚೆಂದಾಗಿ ಮಾಡ್ತಾನೆ. ಈ ಸಲ ನಿಮ್ಮ ಹೆಸ್ರೇ ಬರೆಸ್ಬುಡ್ಲಾ ಸಾರ್?"

"ಬೇಡ. ಮೊದಲಿನ ಹಾಗೇ ಇರಲಿ. ಬಿಳಿ."

ಮನೆಗೆ ತಂದ ಮೇಲೆ ನಾನು ಕೊಡಲಿಲ್ಲ, ಅವಳೇ ಕೈಚಾಚಿ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದು, ತನ್ನಪ್ಪ ತಿರುಗಿಸುತ್ತಿದ್ದಂತೆಯೇ ತಿರುಗಿಸಿ ನೋಡಿದಳು. ಕೀ ಕೊಟ್ಟಳು.

"ಸ್ವಲ್ಪ ದಪ್ಪ ಆಯ್ತು" ಎಂದಳು. "ಅಪ್ಪ ಹೊಡೆಸಿದ್ದು ಇನ್ನೂ ತೆಳ್ಳಗಿತ್ತು."

ನಾನು ಇಸಿದುಕೊಂಡು ನೋಡಿದೆ. ನನಗೆ ಎರಡೂ ಒಂದೇ ಥರ ಕಂಡವು.