ಮರದ ತುದಿಯಿಂದ ಬಂದ ಉತ್ತರ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮ ಅಂಗಳದಲ್ಲಿ ಒಂದು ರಾಜೀನಾಮೆ ನಿಂತುಹೋಯಿತು.

ಅಕ್ಕನ ಮಗ ಪ್ರಜ್ವಲ್‌ಗೆ ಮಣಿಪಾಲದಲ್ಲಿ ಒಳ್ಳೆಯ ಕೆಲಸ ಉಂಟು. ಕಾಪುವಿನ ನಮ್ಮ ಮನೆಗೆ ಬಂದವನೇ ಮೊಬೈಲ್ ತೋರಿಸಿದ. "ಮಾಮ, ತೆಂಗಿನಕಾಯಿ ತೆಗೆಯುವವರನ್ನು ಬುಕ್ ಮಾಡುವ ಆ್ಯಪ್ ಮಾಡಿದ್ದೇನೆ. ರಾಜೀನಾಮೆ ಬರೆದಾಗಿದೆ, ನಾಳೆ ಕೊಡ್ತೇನೆ."

"ಬುಕಿಂಗ್ ಬಂದರೆ ಒಪ್ಪುವುದು ಯಾರು?"

"ಮರ ಹತ್ತುವವರೇ. ಒಂದು ನಿಮಿಷದೊಳಗೆ ಅವರ ಮೊಬೈಲಿನಲ್ಲಿ 'ಒಪ್ಪಿಗೆ' ಒತ್ತಬೇಕು."

ನಮ್ಮ ಮರದ ತುದಿಯಲ್ಲಿ ಆಗ ಸುಂದರ ಕಾಯಿ ತೆಗೆಯುತ್ತಿದ್ದ. "ಸುಂದರಾ, ನಿನ್ನ ಮೊಬೈಲ್ ಎಲ್ಲಿ?" ಎಂದು ಕೂಗಿದೆ.

"ಮನೆಯಲ್ಲಿ ಉಂಟು ಅಣ್ಣ! ಕಾಯಿ ತೆಗೆಯಲು ಎಲ್ಲರಿಗೂ ದಿನ ಕೊಡುವುದು ಹೆಂಡತಿ. ಅವಳು ಹೇಳಿದ ಮನೆಗೆ ನಾನು ಹೋಗುವುದು, ಅಷ್ಟೇ!"

ಪ್ರಜ್ವಲನ ಮುಖ ಸಣ್ಣದಾಯಿತು. ನನಗೆ ಸಿಟ್ಟು ಬಂತು. "ಎಂತ ಮಾರಾಯ, ಇಂಜಿನಿಯರ್ ಅಲ್ವಾ ನೀನು? ಮರ ಹತ್ತುವವನನ್ನು ಒಂದು ಮಾತು ಕೇಳದೆ ಕೆಲಸ ಬಿಡುವುದಾ? ಯೋಚನೆ ಒಳ್ಳೆಯದೇ. ಆದರೆ ಕೆಲಸದಲ್ಲಿ ಇದ್ದುಕೊಂಡೇ ಮಾಡು. ಭಾನುವಾರ ಅವನ ಹೆಂಡತಿಯ ಹತ್ತಿರ ಕೂತು ಕಲಿ. ಆ್ಯಪ್ ಅವಳಿಗೆ ಬೇಕಾದ ಹಾಗೆ ಇರಲಿ."

ಒಪ್ಪಿದ. ರಾಜೀನಾಮೆ ಅಳಿಸಿ, ಅಲ್ಲಿಂದಲೇ ಸುಂದರನ ಹೆಂಡತಿಗೆ ಫೋನ್ ಮಾಡಿದ.

"ಈ ಭಾನುವಾರ ಪುರುಸೊತ್ತಿಲ್ಲ, ಹದಿನೈದು ದಿನ ಬಿಟ್ಟು ಬನ್ನಿ" ಎಂದಳಂತೆ.

ನೋಡಿ, ಆ ಹೆಂಗಸಿನ ಕಂಪನಿ ಆಗಲೇ ಜೋರಾಗಿ ಓಡ್ತಾ ಉಂಟು. ನಮ್ಮವನದ್ದು ಇನ್ನು ಶುರುವಾಗಬೇಕು ಅಷ್ಟೇ.