ಜೋಕಾಲಿಗೆಂದು ತಂದ ಪೈಪುಗಳು

ಆಗೆಲ್ಲ ನಮ್ಮ ಬಡಾವಣೆಯಲ್ಲಿ ಬೀದಿಗಳಿಗೆ ನಂಬರು ಇತ್ತೇ ಹೊರತು ಬೀದಿಯಲ್ಲಿ ಮನೆಗಳಿರಲಿಲ್ಲ. ಮೂರನೇ ಕ್ರಾಸ್ ಅಂದರೆ ಎರಡು ಸಾಲು ಗಡಿಕಲ್ಲು, ನಡುವೆ ಕೆಮ್ಮಣ್ಣು, ಆಚೀಚೆ ನನ್ನೆತ್ತರಕ್ಕೆ ಬೆಳೆದ ಪಾರ್ಥೇನಿಯಂ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಹೆಬ್ಬಗೋಡಿಯ ಸುತ್ತಲಿನ ರಾಗಿ ಹೊಲಗಳು ಒಂದೊಂದಾಗಿ ಸೈಟುಗಳಾಗುತ್ತಿದ್ದವು. ಮೊದಮೊದಲು ಬಂದು ಮನೆ ಕಟ್ಟಿಕೊಂಡ ಏಳೆಂಟು ಸಂಸಾರಗಳಲ್ಲಿ ನಮ್ಮದೂ ಒಂದು. ಅಂಥ ಕಡೆ ಬೆಳೆದವರಿಗೆ ಗೊತ್ತಿರುತ್ತದೆ, ಅಲ್ಲಿ ಆಡುವ ಜಾಗಕ್ಕೆ ಬರವಿಲ್ಲ, ಆಡುವವರಿಗೇ ಬರ.

ದಾವಣಗೆರೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿ ಬಂದವಳು ನಾನು. ಅಲ್ಲಿ ನಮ್ಮ ಓಣಿಯಲ್ಲಿ ಕುಂಟೆಬಿಲ್ಲೆ ಆಡಲು ಸರದಿ ಕಾಯಬೇಕಿತ್ತು. ಇಲ್ಲಿ ಮನೆ ಮುಂದೆ ಗೆರೆ ಎಳೆದು ನಾನೇ ಬಿಲ್ಲೆ ಎಸೆದು, ನಾನೇ ಕುಂಟಿ, ನಾನೇ ಮುಗಿಸುತ್ತಿದ್ದೆ. ಉಳಿದ ಮನೆಗಳ ಮಕ್ಕಳು ಒಂದೋ ತೊಟ್ಟಿಲಲ್ಲಿದ್ದವು, ಇಲ್ಲವೇ ಎಸ್ಸೆಸ್ಸೆಲ್ಸಿ ಪುಸ್ತಕ ಹಿಡಿದು ಕೂತಿದ್ದವು. ಮಧ್ಯಾಹ್ನ ಅಮ್ಮ ಮಲಗಿದಾಗ ಇಡೀ ಬಡಾವಣೆಯಲ್ಲಿ ಎಚ್ಚರವಾಗಿರುವವಳು ನಾನೊಬ್ಬಳೇ ಅನ್ನಿಸುತ್ತಿತ್ತು. ಹೊಸೂರು ರಸ್ತೆಯಲ್ಲಿ ಹೋಗುವ ಲಾರಿಗಳ ಸದ್ದು ಕೇಳಿಸಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ.

ಅಪ್ಪಾಜಿ ಜಿಗಣಿಯ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಸೈಟು ಕೊಂಡಾಗ ಸಿಕ್ಕಿದ ಬಡಾವಣೆಯ ನಕ್ಷೆಯನ್ನು ನಡುಮನೆಯ ಗೋಡೆಗೆ ಅಂಟಿಸಿದ್ದರು. ಅದರಲ್ಲಿ ನಮ್ಮ ಮನೆಯ ಎದುರಿನ ಮೂಲೆಗೆ ಹಸಿರು ಬಳಿದು 'ಉದ್ಯಾನವನ' ಎಂದು ಬರೆದಿತ್ತು. ಕಿಟಕಿಯಿಂದ ನೋಡಿದರೆ ಅದೇ ಮೂಲೆಯಲ್ಲಿ ಒಡೆದ ಇಟ್ಟಿಗೆ, ಕಳೆ, ಒಂದು ಹೊಂಗೆಮರ. ಗೋಡೆಯ ಮೇಲಿನ ಪಾರ್ಕನ್ನು ನೆಲಕ್ಕಿಳಿಸುವುದೇ ಆಗ ಅಪ್ಪಾಜಿಯ ಹುಚ್ಚು. ಬಡಾವಣೆಯ ಸಂಘಕ್ಕೆ ಅವರು ಕಾರ್ಯದರ್ಶಿ. ಅಧ್ಯಕ್ಷರು ವೆಂಕಟಸ್ವಾಮಪ್ಪ, ಒಂದು ಕಾಲಕ್ಕೆ ಆ ಹೊಲಗಳನ್ನೆಲ್ಲ ಉಳುತ್ತಿದ್ದ ಮನೆತನದವರು. ಇಬ್ಬರೂ ಪಂಚಾಯಿತಿ ಆಫೀಸಿಗೆ ಅಲೆದು ಅಲೆದು ಕೊನೆಗೆ ಬಂದ ಉತ್ತರ, ಜಾಗ ನಿಮ್ಮದೇ, ದುಡ್ಡು ಮಾತ್ರ ಕೇಳಬೇಡಿ ಎಂಬುದು.

ಸರಿ, ಮನೆಮನೆಯಿಂದ ವಂತಿಗೆ ಎತ್ತಿದರು. ಅಪ್ಪಾಜಿ ತಮ್ಮ ಕಾರ್ಖಾನೆಯವರನ್ನು ಕಾಡಿ ಬೇಡಿ ಹಳೆಯ ಕಬ್ಬಿಣದ ಪೈಪುಗಳನ್ನು ಕೊಡಲು ಒಪ್ಪಿಸಿದರು. ಊಟದ ಮೇಲೆ ಹಾಳೆ ಹರಡಿ ಜೋಕಾಲಿಯ ನಕ್ಷೆ ಬರೆದರು. ನಾಲ್ಕು ಕಾಲು, ಮೇಲೊಂದು ಅಡ್ಡಪೈಪು, ಅದಕ್ಕೆ ನಾಲ್ಕು ಕೊಕ್ಕೆ, ಎರಡು ಮಣೆ.

"ಎರಡ್ಯಾಕೆ ಅಪ್ಪಾಜಿ? ಇರೋಳು ನಾನೊಬ್ಳೇ."

"ಒಂದೇ ಮಾಡಿದ್ರೆ ನಾಳೆ ಜಗಳ ಬರುತ್ತೆ ಕಣಮ್ಮ."

ಜಗಳಕ್ಕಾದರೂ ಒಬ್ಬರು ಬರುತ್ತಾರೆಂದು ನನಗೆ ಆ ದಿನವೆಲ್ಲ ಖುಷಿ.

ಹಾಗೆ ಒಬ್ಬಳು ಬಂದದ್ದು ಆ ಬೇಸಿಗೆ ರಜೆಯಲ್ಲಿ. ಎರಡನೇ ಕ್ರಾಸಿನಲ್ಲಿ ಮೂರಂತಸ್ತಿನ ಬಾಡಿಗೆ ರೂಮುಗಳ ಕಟ್ಟಡ ಏಳುತ್ತಿತ್ತು. ಕೆಲಸಕ್ಕೆ ಕೊಪ್ಪಳದ ಕಡೆಯವರು ಬಂದು ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ನಾನು ಎಂದಿನಂತೆ ಒಬ್ಬಳೇ ಕುಂಟುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಕಾಲು ಗೆರಿ ಮ್ಯಾಲ ಬಿತ್ತು. ಔಟ್."

ತಿರುಗಿ ನೋಡಿದರೆ ನನ್ನದೇ ವಯಸ್ಸಿನ ಹುಡುಗಿ, ಕಂಕುಳಲ್ಲಿ ಸಿಂಬಳ ಸುರಿಸುವ ತಮ್ಮ. ಹೆಸರು ದ್ಯಾಮವ್ವ. ಹೆಬ್ಬಗೋಡಿಗೆ ಬಂದ ಮೇಲೆ ನನ್ನನ್ನು ಔಟ್ ಎಂದ ಮೊದಲನೆಯ ಮನುಷ್ಯಳು ಅವಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಿಲ್ಲೆ ಅವಳ ಕೈಗೆ ಕೊಟ್ಟೆ. ತಮ್ಮನನ್ನು ಕಂಕುಳಲ್ಲಿಟ್ಟುಕೊಂಡೇ ಅವಳು ಎಂಟೂ ಮನೆ ಕುಂಟಿದಳು.

ಅಲ್ಲಿಂದ ಮುಂದೆ ನನಗೆ ಬೆಳಗಾಗುವುದೇ ತಡವಾಗುತ್ತಿತ್ತು. ಅವಳ ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಕಣ್ಣಲ್ಲಿ ನೀರು ತರಿಸುವ ಹಸಿಮೆಣಸಿನಕಾಯಿ ಚಟ್ನಿ, ನಮ್ಮಮ್ಮನ ಒಗ್ಗರಣೆ ಮಂಡಕ್ಕಿ, ಎಲ್ಲ ಹೊಂಗೆಮರದ ಕೆಳಗೆ ಹಂಚಿಕೆ. ಒಂದು ದಿನ ಟೆಂಪೋದಲ್ಲಿ ಪೈಪುಗಳು ಬಂದವು, ಕೊಕ್ಕೆ ಬೆಸೆದು, ಕೆಂಪು ಬಣ್ಣ ಬಳಿದು. ಬಣ್ಣದ ವಾಸನೆ ಇಡೀ ಮೂಲೆಗೆ ಹಬ್ಬಿತ್ತು. ಸಿಮೆಂಟು ಬಂದ ಮೇಲೆ ನೆಡುವುದು ಎಂದರು ಅಪ್ಪಾಜಿ. ನಾವಿಬ್ಬರೂ ರಂಗೋಲಿ ಪುಡಿಯಿಂದ ಜೋಕಾಲಿಯ ಜಾಗ ಗುರುತು ಮಾಡಿದೆವು.

"ಈ ಕಡೀದು ನಂದು, ಆ ಕಡೀದು ನಿಂದು. ಯಾರು ಬಂದು ಕೇಳಿದ್ರೂ ಬಿಡಬಾರದು, ತಿಳಿತಾ?" ಎಂದಳು ದ್ಯಾಮವ್ವ. ದೇವರಾಣೆ ಹಾಕಿದೆ.

ಇನ್ನು ರುಬ್ಬುಗುಂಡಿನ ಮಾತು. ದಾವಣಗೆರೆಯಿಂದ ಲಾರಿಯಲ್ಲಿ ಬರುವಾಗ ಅಮ್ಮನ ಒರಳುಕಲ್ಲು ಒಡೆದು ಎರಡು ಹೋಳಾಗಿತ್ತು. ಮಿಕ್ಸಿ ಬಂತು, ರುಬ್ಬುಗುಂಡು ಹಿತ್ತಲಿಗೆ ಬಿತ್ತು. ಒಂದು ತುದಿಯಲ್ಲಿ ಹಿಡಿ ಸಿಕ್ಕಿಸುವ ತೂತಿದ್ದ, ಕಪ್ಪಗೆ ನುಣುಪಾದ ಗುಂಡು. ನಾವು ಅದನ್ನು ಉರುಳಿಸಿಕೊಂಡು ಹೋಗಿ, ತೂತಿನ ತುದಿ ಕೆಳಗೆ ಮಾಡಿ ಹೊಂಗೆಮರದ ಬುಡದಲ್ಲಿ ಅರ್ಧ ಹೂತೆವು. ಈಶ್ವರನ ಆಟ. ನಾನು ಅಪ್ಪಾಜಿಯ ವಿಭೂತಿ ಗಟ್ಟಿ ಕದ್ದು ತಂದು ಮೂರು ಬೆರಳಲ್ಲಿ ಎಳೆದೆ, ಅವಳು ಹೊಂಗೆಹೂವು ಸುರಿದು ತಂಬಿಗೆ ನೀರು ಹೊಯ್ದಳು. ದಿನಾ ಪೂಜೆ, ದಿನಾ ಮಂಡಕ್ಕಿ ಪ್ರಸಾದ. ಬೇಡಿಕೊಳ್ಳುವುದು ಒಂದೇ, ಬೇಗ ಸಿಮೆಂಟು ಬರಲಿ.

ಸಿಮೆಂಟಿಗೆ ಮೊದಲು ಬಂದದ್ದು ಟ್ರಾಕ್ಟರು. ಯಾರೋ ಒಬ್ಬ ಕಲ್ಲುಕಂಬ ತುಂಬಿಸಿಕೊಂಡು, ಆಳುಗಳನ್ನು ಕರೆತಂದು, ಆ ಮೂಲೆ ತನ್ನದೆಂದು ಗುಂಡಿ ತೋಡಿಸತೊಡಗಿದ. ಅಪ್ಪಾಜಿ ಡ್ಯೂಟಿಗೆ ಹೋಗಿದ್ದರು. ಅಮ್ಮ ಬಾಗಿಲಲ್ಲಿ ನಿಂತು ಕೈಕೈ ಹಿಸುಕಿಕೊಂಡಳು. ಅಷ್ಟರಲ್ಲಿ ಒಬ್ಬ ಆಳು ಗುದ್ದಲಿ ಕೆಳಗಿಟ್ಟು ಚಪ್ಪಲಿ ಬಿಟ್ಟ. "ಇಲ್ಲಿ ದೇವ್ರೈತೆ ಸಾಮಿ. ಪೂಜೆ ಬೇರೆ ಆಗೈತೆ. ನಾವ್ ಗುದ್ಲಿ ಆಕಾಕಿಲ್ಲ." ಉಳಿದವರೂ ಕೈ ಮುಗಿದು ಹಿಂದೆ ಸರಿದರು. ಬಂದವನು ಬೈದ, ಬೇಡಿಕೊಂಡ, ಕೊನೆಗೆ ಕಂಬಗಳ ಸಮೇತ ಹಿಂದಿರುಗಿದ. ನಾವಿಬ್ಬರೂ ಮರದ ಹಿಂದೆ ಬಾಯಿ ಮುಚ್ಚಿಕೊಂಡು ನಕ್ಕದ್ದೇ ನಕ್ಕದ್ದು.

ಸಂಜೆಯೊಳಗೆ ಸುದ್ದಿ ಹಬ್ಬಿತು. ವೆಂಕಟಸ್ವಾಮಪ್ಪ ಬಂದವರೇ ಗುಂಡಿನ ಮುಂದೆ ಉದ್ದಂಡ ಬಿದ್ದರು. "ನಮ್ ತಾತ ಯೋಳ್ತಿದ್ದ, ಈ ಒಲದಾಗೆ ಈಸ್ವರ ಅವ್ನೆ ಅಂತ. ಈಗ ಎದ್ದು ಬಂದವ್ನೆ ನೋಡಿ." ಹೆಂಗಸರು ಅರಿಸಿನ ಕುಂಕುಮ ತಂದರು. ಅಮ್ಮನೂ ಹೋದಳು. ಬಗ್ಗಿ ಕುಂಕುಮ ಇಡುವಾಗ ಅವಳ ಕೈ ಒಂದು ಗಳಿಗೆ ಹಾಗೇ ನಿಂತಿತು. ತನ್ನ ಗುಂಡನ್ನು ಗುರುತಿಸದ ಹೆಂಗಸುಂಟೇ? ಕೈ ಮುಗಿದು ಎದ್ದು ಬಂದಳು.

ಆ ಭಾನುವಾರ ನಮ್ಮ ವರಾಂಡದಲ್ಲೇ ಸಂಘದ ಮೀಟಿಂಗು. "ಮೊದ್ಲು ಈಸ್ವರಂಗೆ ನೆಳ್ಳಾಗ್ಲಿ ಸಾರ್. ಮಳೆಗಾಲ ಬತ್ತೈತೆ. ಪೈಪು ಎಂಗೂ ಬಿದ್ದವೆ, ಮ್ಯಾಲೆ ತಗಡಿನ ಸೀಟು ಒದ್ಸಿದ್ರಾಯ್ತು. ಮಕ್ಳು ಆಟ ಆಮ್ಯಾಕಾಯ್ತದೆ" ಎಂದರು ಅಧ್ಯಕ್ಷರು. ಎಲ್ಲರೂ ತಲೆಯಾಡಿಸಿದರು. ಅಪ್ಪಾಜಿ ಮುಂದಿದ್ದ ನಕ್ಷೆಯನ್ನು ನಿಧಾನಕ್ಕೆ ಮಡಚಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ಪೂಜಾರಿ ಇನ್ನೂ ಬಂದಿರಲಿಲ್ಲ, ಸಂಘವೇ ಸಾಕಾಯಿತು.

ಒಳಗೆ ನಾನು ಅಮ್ಮನ ಸೆರಗು ಜಗ್ಗಿದೆ. "ಅಮ್ಮ, ಅದು ನಮ್ಮ ಗುಂಡು. ಹೇಳಿಬಿಡ್ತೀನಿ."

"ಸುಮ್ನಿರು ಗಿರಿಜಾ. ಹತ್ತು ವರ್ಷ ಅದರಲ್ಲೇ ರುಬ್ಬಿದೀನಿ, ನನಗೆ ಗೊತ್ತಿಲ್ವಾ?" ಅಮ್ಮ ನನ್ನ ರಟ್ಟೆ ಹಿಡಿದುಕೊಂಡಳು. "ಕಲ್ಲು ಅಂದ್ರೆ ನಾಳೆನೇ ಅವನು ಟ್ರಾಕ್ಟರ್ ತರ್ತಾನೆ. ದೇವ್ರು ಅಂದ್ರೆ ಜಾಗ ಆದ್ರೂ ಉಳಿಯುತ್ತೆ. ಜೋಕಾಲಿ ಮುಂದಿನ ವರ್ಷ ಹಾಕ್ಸಿದ್ರಾಯ್ತು."

ಅಮ್ಮನ ಮಾತಿನಲ್ಲಿ ತಪ್ಪೇನಿರಲಿಲ್ಲ. ಇಂದಿಗೂ ನನಗೆ ಅದನ್ನು ತಪ್ಪು ಅನ್ನಲಾಗುವುದಿಲ್ಲ.

ಜೋಕಾಲಿಯ ಕಾಲುಗಳು ಮಂಟಪದ ಕಂಬಗಳಾದವು. ಮೇಲೆ ತಗಡು, ಸುತ್ತ ತಂತಿಬೇಲಿ, ಒಂದು ಗೇಟು, ಗೇಟಿಗೆ ಬೋರ್ಡು. ಚಪ್ಪಲಿ ಹೊರಗೆ ಬಿಡಿ, ಒಳಗೆ ಆಟ ಆಡಬಾರದು. ದ್ಯಾಮವ್ವನಿಗೆ ಓದಲು ಬರುತ್ತಿರಲಿಲ್ಲ, ನಾನೇ ಓದಿ ಹೇಳಿದೆ. ಅವಳು ಬೇಲಿಯ ತಂತಿ ಹಿಡಿದು ಒಳಗೆ ಇಣುಕಿ, "ನಮ್ಮ ಗುಂಡು ನಾವು ತಗೊಂಡುಬಿಟ್ರ? ಆವಾಗ ಜೋಕಾಲಿ ಹಾಕ್ತಾರಿಲ್ಲೋ?" ಎಂದಳು. ನಾನು ಹೂಂ ಎಂದೆ. ಹಾಗೆ ಅನ್ನದೆ ಇದ್ದಿದ್ದರೆ ಅವಳು ಬೇಲಿಯೊಳಗೆ ಹೋಗುತ್ತಿರಲಿಲ್ಲವೇನೋ.

ಮರುದಿನ ಬೆಳಿಗ್ಗೆ ಗಲಾಟೆ ಕೇಳಿ ಹೊರಗೆ ಬಂದೆ. ತಮ್ಮನನ್ನು ಬೇಲಿಯ ಹೊರಗೆ ಕೂರಿಸಿ ದ್ಯಾಮವ್ವ ಒಳಗೆ ನುಸುಳಿದ್ದಳು. ಗುಂಡನ್ನು ಎರಡೂ ಕೈಯಲ್ಲಿ ತಬ್ಬಿ ಎಳೆಯುತ್ತಿದ್ದವಳ ರಟ್ಟೆ ಈಗ ವೆಂಕಟಸ್ವಾಮಪ್ಪನವರ ಕೈಯಲ್ಲಿತ್ತು.

"ಈಸ್ವರನ್ನೇ ಕೀಳಾಕೆ ಬಂದವ್ಳಲ್ಲ! ಯಾರೇ ನೀನು?"

"ದೇವ್ರಲ್ರಿ ಅದು, ರುಬ್ಬೂ ಗುಂಡ್ರಿ. ಗಿರ್ಜಿ ಮನೀದು. ತಳದಾಗ ತೂತು ಐತ್ರಿ, ಬೇಕಾರ ಕಿತ್ತು ನೋಡ್ರಿ." ಅಷ್ಟರಲ್ಲಿ ಅವಳ ಕಣ್ಣು ನನ್ನ ಮೇಲೆ ಬಿತ್ತು. ಮುಖ ಅರಳಿತು. "ಗಿರ್ಜಿ, ಹೇಳಬೇ!"

ಎಲ್ಲರೂ ನನ್ನ ಕಡೆ ತಿರುಗಿದರು. "ಏನಮ್ಮ ಗಿರಿಜಾ, ನಿಮ್ಮನೇದಾ?" ಎಂದರು ವೆಂಕಟಸ್ವಾಮಪ್ಪ. ಅಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಅಪ್ಪಾಜಿ ಟಿಫಿನ್ ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ದಾವಣಗೆರೆಯಲ್ಲಿ ಆ ಗುಂಡನ್ನು ಲಾರಿಗೆ ಹತ್ತಿಸಿದವರು ಅವರೇ. ಅವರು ನೆಲ ನೋಡಿದರು.

"ನಂಗೊತ್ತಿಲ್ಲ" ಎಂದೆ.

ವೆಂಕಟಸ್ವಾಮಪ್ಪ ಕೆನ್ನೆಗೆ ಕೊಟ್ಟ ಪೆಟ್ಟಿಗೆ ದ್ಯಾಮವ್ವ ಅಳಲಿಲ್ಲ. ಬೇಲಿಯಾಚೆ ತಮ್ಮ ಕಿರುಚಿಕೊಂಡ. ಅವನನ್ನು ಎತ್ತಿಕೊಂಡು, ಲಂಗದ ಮಣ್ಣು ಕೊಡವಿಕೊಂಡು, ನನ್ನ ಪಕ್ಕದಲ್ಲೇ ನಡೆದುಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ, ನೋಡಲೂ ಇಲ್ಲ.

ಮಾರನೆಯ ದಿನ ಗೆರೆ ಎಳೆದು ಕಾದೆ. ಅದರ ಮಾರನೆಯ ದಿನವೂ ಕಾದೆ. ಶೆಡ್ಡಿನ ಹತ್ತಿರ ಹೋಗಲು ನನಗೆ ಮುಖವಿರಲಿಲ್ಲ. ವಾರವೋ ಹತ್ತು ದಿನವೋ ಕಳೆದು ಧೈರ್ಯ ಮಾಡಿ, ಟವೆಲ್ಲಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಹೋದರೆ ಅಲ್ಲಿ ಒಲೆಯ ಮೂರು ಕಲ್ಲು, ಒಂದಿಷ್ಟು ಬೂದಿ. ಕಟ್ಟಡಕ್ಕೆ ಆಗಲೇ ಸುಣ್ಣ ಹೊಡೆಯುತ್ತಿದ್ದರು. "ಅವ್ರಾ? ಸರ್ಜಾಪುರದ ಕಡೆ ಕೆಲಸ ಸಿಕ್ತು ಅಂತ ಹೋದ್ರು ಕಣಮ್ಮ" ಎಂದ ಕಾವಲಿನವನು. ಮಂಡಕ್ಕಿಯನ್ನು ಅಲ್ಲೇ ಇಟ್ಟಿಗೆಯ ಮೇಲೆ ಕೂತು ಒಬ್ಬಳೇ ತಿಂದೆ, ಅಳುತ್ತಲೇ ತಿಂದೆ.

ಆಮೇಲೆ ಕುಂಟೆಬಿಲ್ಲೆ ಮುಂದುವರಿಯಿತು. ಕಾಲು ಗೆರೆಯ ಮೇಲೆ ಬಿದ್ದರೆ ಹೇಳುವವರಿರಲಿಲ್ಲ, ನಾನೂ ಒಪ್ಪಿಕೊಳ್ಳುತ್ತಿರಲಿಲ್ಲ. ಮುಂದಿನ ವರ್ಷ ಸಂಘದವರು ಮಂಟಪಕ್ಕೆ ಗೋಡೆ ಕಟ್ಟಿಸಿದರು, ಅದರ ಮುಂದಿನ ವರ್ಷ ನವಗ್ರಹ ಬಂತು. ಅಪ್ಪಾಜಿ ಕಾರ್ಯದರ್ಶಿ ಕೆಲಸ ಬಿಟ್ಟರು. ಗುಂಡಿನ ಮಾತನ್ನು ನಮ್ಮ ಮನೆಯಲ್ಲಿ ಮೂವರೂ ಮತ್ತೆ ಎತ್ತಲಿಲ್ಲ. ನಾನು ಪಿಯುಸಿಗೆ ಬರುವ ಹೊತ್ತಿಗೆ ಮನೆ ಮಾರಿ ಸಿಂಗಸಂದ್ರಕ್ಕೆ ಬಂದೆವು.

ಹೋದ ವರ್ಷ ಏನೋ ಕೆಲಸದ ಮೇಲೆ ಹೆಬ್ಬಗೋಡಿಗೆ ಹೋದವಳು ಆ ಬೀದಿ ಹುಡುಕಿದೆ. ಈಗ ಅಲ್ಲಿ ಖಾಲಿ ಸೈಟು ಒಂದೂ ಇಲ್ಲ. ಎಲ್ಲ ಬಾಡಿಗೆ ರೂಮುಗಳು, ಮಹಡಿ ಮೇಲೆ ಮಹಡಿ. ಬೀದಿ ತುಂಬ ಬೈಕುಗಳು ನಿಂತು ಕುಂಟೆಬಿಲ್ಲೆಯ ಒಂದು ಮನೆ ಬರೆಯಲೂ ಜಾಗ ಕಾಣಲಿಲ್ಲ. ನಕ್ಷೆಯಲ್ಲಿ ಆ ಮೂಲೆ ಇನ್ನೂ ಹಸಿರಾಗಿಯೇ ಇದ್ದೀತು. ಮೂಲೆಯಲ್ಲಿ ಗೋಪುರವಿದೆ, ಹೊಂಗೆಮರವಿಲ್ಲ. ಅಮ್ಮ ಹೇಳಿದಂತೆ ಜಾಗವೇನೋ ಉಳಿದಿದೆ. ನಾಲ್ಕು ಕೊಕ್ಕೆಯ ಆ ಅಡ್ಡಪೈಪನ್ನು ಬಾಗಿಲ ಮುಂದೆ ಎರಡು ಕಂಬದ ಮೇಲೆ ಅಡ್ಡಕ್ಕಿಟ್ಟು, ಒಂದು ಕೊಕ್ಕೆಗೆ ಗಂಟೆ ಕಟ್ಟಿದ್ದಾರೆ. ಉಳಿದ ಮೂರು ಖಾಲಿ. ಪಾರ್ಕು ಹೋದದ್ದಕ್ಕೆ ಜನ ಅರ್ಜಿ ಬರೆಯಬಹುದು, ಕೋರ್ಟಿಗೆ ಹೋಗಬಹುದು. ನನ್ನನ್ನು ಔಟ್ ಎಂದವಳು ಹೋದದ್ದಕ್ಕೆ ನಾನು ಯಾವ ಆಫೀಸಿಗೆ ಹೋಗಲಿ?

ಒಳಗೆ ಹೋದೆ. ಗುಂಡಿಗೆ ಬೆಳ್ಳಿಯ ಮುಖವಾಡ ಹಾಕಿದ್ದರು. ಅರ್ಚಕರು ತಟ್ಟೆ ಹಿಡಿದು ಬಂದರು.

"ಅರ್ಚನೆ ಯಾರ ಹೆಸರಿಗಮ್ಮ?"

"ದ್ಯಾಮವ್ವ."

"ನಕ್ಷತ್ರ?"

"ಗೊತ್ತಿಲ್ಲ."

"ಎಲ್ಲಿದಾರೆ?"

"ಗೊತ್ತಿಲ್ಲ."

ಅವರು ತಲೆಯೆತ್ತಿ ನೋಡಿದರು. "ನಿಮಗೇನಾಗ್ಬೇಕು?"

"ಇಲ್ಲಿ ಜೊತೆಗೆ ಆಡ್ತಿದ್ವಿ" ಎಂದೆ.

"ಇಲ್ಲಿ ಆಡೋದಾ? ಇದು ಉದ್ಭವಲಿಂಗ ಅಲ್ವೇನಮ್ಮ, ಮೊದಲಿಂದ್ಲೂ ದೇವಸ್ಥಾನನೇ."

ಅವತ್ತು ದ್ಯಾಮವ್ವ ಹೇಳಬೇ ಎಂದಿದ್ದಳು. ಹೇಳಲು ಇನ್ನೊಂದು ಅವಕಾಶ ಎದುರಿಗೇ ನಿಂತಿತ್ತು. ನಾನು ಹೌದು ಎಂದು ತಲೆಯಾಡಿಸಿ, ಕೈ ಮುಗಿದೆ.